ಅವ್ವನ ಹಣೆಯ ಬೆಳಕು

ಅವ್ವನ ಹಳೇ ಸ್ಟುಡಿಯೊ ಫೋಟೊ ಒಂದನ್ನು ಎದುರಿಗಿಟ್ಟುಕೊಂಡು ಬರೆದ ನನ್ನ ಮೊದಲ ಎಣ್ಣೆಬಣ್ಣದ ಚಿತ್ರವನ್ನು ಆಕೆಯ ಕೈಗೇ ಕೊಟ್ಟೆ. ಕಿಟಕಿಯ ಹತ್ತಿರ ಹಿಡಿದು ನೋಡಿದಳು, ಕೈ ಚಾಚಿ ದೂರ ಹಿಡಿದು ನೋಡಿದಳು. ಕೊನೆಗೆ ಹೇಳಿದ್ದು ಇಷ್ಟು: “ಚಂದ ಬರೆದೀಯವ್ವ. ಆದ್ರೆ ಇದು ನಾನಲ್ಲ. ದುಗ್ಗಮ್ಮನ ಜಾತ್ರೆಗೆ ನಾಟಕದ ಕಂಪನಿ ಬರ್ತಿತ್ತಲ್ಲ, ಅದರಾಗೆ ಮುಖಕ್ಕೆ ಬಣ್ಣ ಬಳ್ಕೊಂಡು ನಿಂತಿರ್ತಿದ್ಳಲ್ಲ ಒಬ್ಬಾಕಿ, ಅಕಿ ಇದ್ದಂಗೈತೆ.”

ಮೂಗು ಸರಿಯಾಗಿತ್ತು, ಕಣ್ಣೂ ತಕ್ಕಮಟ್ಟಿಗೆ ಸರಿಯಾಗಿತ್ತು. ಬಣ್ಣ ಅವ್ವನದಾಗಿರಲಿಲ್ಲ. ನಾನು ಬಳಸಿದ್ದು ‘ಫ್ಲೆಶ್ ಟಿಂಟ್’ ಎಂದು ಮೇಲೆ ಬರೆದಿದ್ದ ಟ್ಯೂಬು. ಒತ್ತಿದರೆ ಗುಲಾಬಿ ಬೆರೆತ ಕೆನೆಯ ಬಣ್ಣ ಬರುತ್ತದೆ. ಅವ್ವನ ಮೈಬಣ್ಣ ಹುರಿದ ರಾಗಿಯದು. ಟ್ಯೂಬಿನ ಬಣ್ಣಕ್ಕೆ ಕಂದು ಸೇರಿಸಿದೆ, ಕೆಸರಾಯಿತು. ಕಪ್ಪು ಸೇರಿಸಿದೆ, ಮುಖಕ್ಕೆ ಬೂದಿ ಮೆತ್ತಿದಂತಾಯಿತು. ಕೊನೆಗೆ ಸೋತು, ತಿಳಿಯಾಗಿಯೇ ಬಿಟ್ಟುಬಿಟ್ಟಿದ್ದೆ.

ನಾನು ದಾವಣಗೆರೆಯ ಒಂದು ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವವಳು. ಕ್ರೇಯಾನ್ ಡಬ್ಬಿ ಬಿಚ್ಚಿದ ಕೂಡಲೇ ಮಕ್ಕಳು “ಮಿಸ್, ಸ್ಕಿನ್ ಕಲರ್ ಎಲ್ಲೈತ್ರಿ?” ಎಂದು ಕೇಳುವುದನ್ನು ಎಷ್ಟೋ ವರ್ಷಗಳಿಂದ ಕೇಳಿದ್ದೇನೆ. ಪೀಚ್ ಬಣ್ಣದ ಕಡ್ಡಿಯೇ ಅವರಿಗೆ ಸ್ಕಿನ್ ಕಲರ್. ಅಮೆರಿಕದ ಕ್ರೇಯೋಲಾ ಕಂಪನಿ ತನ್ನ ‘ಫ್ಲೆಶ್’ ಎಂಬ ಕಡ್ಡಿಯ ಹೆಸರನ್ನು 1962ರಲ್ಲೇ ‘ಪೀಚ್’ ಎಂದು ಬದಲಿಸಿತು. ಹೆಸರು ಅಲ್ಲಿ ಹೋಯಿತು, ನಮ್ಮ ಮಕ್ಕಳ ಬಾಯಲ್ಲಿ ಉಳಿಯಿತು. ಕಪ್ಪನೆಯ ಪುಟ್ಟ ಕೈ ಆ ಕಡ್ಡಿ ಹಿಡಿದು ತನ್ನ ಅಮ್ಮನ ಮುಖಕ್ಕೆ ಪೀಚ್ ಬಣ್ಣ ತುಂಬುವುದನ್ನು ನೋಡುತ್ತಾ ನಿಂತಿದ್ದೇನೆ, ಏನೂ ಹೇಳಿಲ್ಲ. ಅವ್ವನ ಚಿತ್ರ ಮುಗಿದ ರಾತ್ರಿ ಅದು ನೆನಪಾಗಿ ನಿದ್ದೆ ಬರಲಿಲ್ಲ.

ನನಗೆ ಬಣ್ಣ ಕಲಿಸುತ್ತಿದ್ದವರು ನಿವೃತ್ತರಾದ ಡ್ರಾಯಿಂಗ್ ಮೇಷ್ಟ್ರು. ಹಳೇ ದಾವಣಗೆರೆಯಲ್ಲಿ ಅವರ ಮನೆ; ಮಾಳಿಗೆ ಮೇಲಿನ ಕೋಣೆಗೆ ಉತ್ತರದ ಕಿಟಕಿ. ಚಿತ್ರ ನೋಡಿ ಅವರು ಟ್ಯೂಬನ್ನು ಕೈಗೆತ್ತಿಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. “ಇದು ಇನ್ನು ಬ್ಯಾಡ. ಮೈಬಣ್ಣ ಅನ್ನೋದು ಒಂದು ಬಣ್ಣ ಅಲ್ಲವ್ವ. ಅದನ್ನ ನಾನು ಬಾಯಲ್ಲಿ ಹೇಳಿದ್ರೆ ನಿನಗೆ ತಿಳಿಯಂಗಿಲ್ಲ. ಒಬ್ಬ ದೊಡ್ಡೋನ ಕೈಕೆಳಗೆ ಕೂತು ತಿದ್ದು.”

ತಿದ್ದು ಎಂಬ ಮಾತಿಗೆ ನಾನು ತಲೆಬಾಗಿದೆ. ಪ್ರತಿ ಮಾಡು ಎಂದಿದ್ದರೆ ಬಹುಶಃ ಒಪ್ಪುತ್ತಿರಲಿಲ್ಲ. ನಕಲು ಮಾಡಿದ ಮಕ್ಕಳನ್ನು ನಿಲ್ಲಿಸಿ ಕೇಳುವ ಕೆಲಸ ನನ್ನದು. ಆದರೆ ನಾವೆಲ್ಲ ಅಕ್ಷರ ಕಲಿತಿದ್ದು ಹೇಗೆ? ಸ್ಲೇಟಿನ ಮೇಲೆ ದೊಡ್ಡವರು ಬರೆದ ‘ಅ’ದ ಮೇಲೆಯೇ ಬಳಪ ಆಡಿಸಿ, ಅದು ದಪ್ಪಗಾಗಿ ಬೆಳ್ಳಗಾಗುವವರೆಗೆ ತಿದ್ದಿ. ಮೊದಲ ‘ಅ’ವನ್ನು ಯಾರೂ ಸ್ವಂತವಾಗಿ ಬರೆದಿಲ್ಲ. ಚಿತ್ರ ಬರೆಯುವವರಲ್ಲೂ ಇದು ಹಾಗೆಯೇ ನಡೆದುಬಂದಿದೆ. ಚಿತ್ರಕಾರ ರೂಬೆನ್ಸ್ 1628ರಲ್ಲಿ ಸ್ಪೇನಿನ ಮ್ಯಾಡ್ರಿಡ್‌ಗೆ ಬಂದಾಗ, ಆಗಲೇ ಯುರೋಪಿನಲ್ಲೆಲ್ಲ ಹೆಸರಾಗಿದ್ದರೂ, ಅರಮನೆಯಲ್ಲಿದ್ದ, ಇಟಲಿಯ ಹಿಂದಿನ ಕಾಲದ ಚಿತ್ರಕಾರ ಟಿಷಿಯನ್ನನ ಚಿತ್ರಗಳ ಮುಂದೆ ಕೂತು ಪ್ರತಿ ಮಾಡಿದ. ಆಗ ಅದೇ ಆಸ್ಥಾನದಲ್ಲಿ ತರುಣ ಚಿತ್ರಕಾರನಾಗಿದ್ದವನು ವೆಲಾಸ್ಕೆಸ್. ಮುಂದೆ 1879ರಲ್ಲಿ ಅಮೆರಿಕದ ಚಿತ್ರಕಾರ ಸಾರ್ಜೆಂಟ್ ಅದೇ ಮ್ಯಾಡ್ರಿಡ್‌ಗೆ ಹೋಗಿ ವೆಲಾಸ್ಕೆಸ್‌ನನ್ನು ತಿದ್ದಿದ.

ಮೇಷ್ಟ್ರು ನನಗೆ ಆರಿಸಿಕೊಟ್ಟದ್ದೂ ವೆಲಾಸ್ಕೆಸ್‌ನ ಒಂದು ಚಿತ್ರವನ್ನೇ: ಹುವಾನ್ ದೆ ಪರೇಹಾ ಎಂಬ ಮನುಷ್ಯನ ಮುಖ. 1650ರಲ್ಲಿ ರೋಮ್‌ನಲ್ಲಿ ಬರೆದದ್ದು, ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಕಂದು ಮೈಬಣ್ಣ, ದಟ್ಟವಾದ ಗುಂಗುರು ಕೂದಲು, ಮೀಸೆ, ಗಡ್ಡ, ಕೊರಳಿಗೆ ದೊಡ್ಡ ಬಿಳಿ ಲೇಸಿನ ಕಾಲರು. ಒಂದು ಕೈಯನ್ನು ಎದೆಯ ಕೆಳಗೆ ಅಡ್ಡ ತಂದು, ನೇರ ನಮ್ಮನ್ನೇ ನೋಡುತ್ತಿದ್ದಾನೆ. ಹಿಂದೆ ಬೂದು ಹಸಿರಿನ ಖಾಲಿ ಗೋಡೆ, ಅಷ್ಟೇ.

ಆ ದಿನ ಮೇಷ್ಟ್ರು ಹೇಳಿದ್ದನ್ನೂ, ಆಮೇಲೆ ನಾನೇ ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಪರೇಹಾ ದಕ್ಷಿಣ ಸ್ಪೇನಿನ ಆಂತೆಕೆರಾ ಎಂಬ ಊರಿನವನು. ವೆಲಾಸ್ಕೆಸ್‌ನ ಗುಲಾಮ. ಚಿತ್ರಶಾಲೆಯಲ್ಲಿ ಒಡೆಯನಿಗೆ ಬಣ್ಣ ಅರೆದುಕೊಡುವುದು, ಕ್ಯಾನ್ವಾಸ್ ಸಿದ್ಧಮಾಡುವುದು ಅವನ ಕೆಲಸ. ಪೋಪ್ ಹತ್ತನೆಯ ಇನೊಸೆಂಟ್‌ನ ಚಿತ್ರ ಬರೆಯುವುದಕ್ಕೆ ಮುಂಚೆ ಕೈ ಪಳಗಿಸಿಕೊಳ್ಳಲು ವೆಲಾಸ್ಕೆಸ್ ಇವನನ್ನು ಕೂರಿಸಿಕೊಂಡು ಬರೆದನಂತೆ. ಅದನ್ನು ರೋಮ್‌ನ ಪ್ಯಾಂಥಿಯಾನ್‌ನಲ್ಲಿ ಜನರ ಮುಂದೆ ಇಟ್ಟಾಗ, ಬೇರೆ ಬೇರೆ ದೇಶಗಳ ಚಿತ್ರಕಾರರು ಉಳಿದವೆಲ್ಲ ಚಿತ್ರ, ಇದೊಂದು ನಿಜ ಎಂದರು ಎಂದು ಪಲೊಮಿನೊ ಎಂಬ ಸ್ಪೇನಿನ ಲೇಖಕ 1724ರಲ್ಲಿ ಬರೆದಿಟ್ಟಿದ್ದಾನೆ. ಅದೇ 1650ರ ನವೆಂಬರ್‌ನಲ್ಲಿ ವೆಲಾಸ್ಕೆಸ್ ಅವನಿಗೆ ಬಿಡುಗಡೆಯ ಪತ್ರ ಬರೆದುಕೊಟ್ಟ. ಆ ಪತ್ರದಲ್ಲಿ ಒಂದು ಷರತ್ತು ಇತ್ತು. ಅದಕ್ಕೆ ಆಮೇಲೆ ಬರುತ್ತೇನೆ.

ತನ್ನ ಮುಖಕ್ಕೆ ಬೇಕಾದ ಬಣ್ಣವನ್ನೂ ಆತ ತಾನೇ ಅರೆದಿರಬಹುದು ಎಂದು ಹೊಳೆದಾಗ ನನ್ನ ಕೈಯಲ್ಲಿದ್ದ ಪ್ರಿಂಟು ಭಾರವೆನಿಸಿತು.

ಪ್ರಿಂಟಿನ ಪಾಡನ್ನೂ ಹೇಳಬೇಕು. ಮೆಟ್ ಮ್ಯೂಸಿಯಂ 2017ರಿಂದ ತನ್ನ ಸಂಗ್ರಹದ ಹಕ್ಕುಮುಕ್ತ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ತೆರೆದಿಟ್ಟಿದೆ. ದಾವಣಗೆರೆಯ ಒಬ್ಬ ಮೇಡಂಗೆ ಮೂರೂವರೆ ಶತಮಾನದ ಹಿಂದಿನ ಕುಂಚದ ಗೆರೆ ಹುಬ್ಬಿನ ಕೂದಲಿನಷ್ಟು ಹತ್ತಿರದಿಂದ ಸಿಗುತ್ತದೆ ಎಂದರೆ ಅದು ಸಣ್ಣ ಮಾತಲ್ಲ. ಆದರೆ ಮೊದಲ ಪ್ರಿಂಟು ಕೆಂಪಗೆ ಬಂತು, ಎರಡನೆಯದು ಹಳದಿ ತಿರುಗಿತು. ಕೊನೆಗೆ ಆಕಾರಕ್ಕೆ ಪ್ರಿಂಟು, ಬಣ್ಣಕ್ಕೆ ಟ್ಯಾಬ್ ಎಂದು ಎರಡನ್ನೂ ಎದುರಿಗಿಟ್ಟುಕೊಂಡೆ. ಮೂಲ ಚಿತ್ರ ಸುಮಾರು 81 ಸೆಂಟಿಮೀಟರ್ ಎತ್ತರ, 70 ಅಗಲ. ನಾನು ತಲೆ ಮತ್ತು ಕಾಲರನ್ನಷ್ಟೇ, ಹೆಚ್ಚುಕಡಿಮೆ ಮೂಲದ ಅಳತೆಗೇ, ಇಪ್ಪತ್ತು ಇಂಚಿನ ಕ್ಯಾನ್ವಾಸಿನಲ್ಲಿ ತೆಗೆದುಕೊಂಡೆ.

ಹತ್ತಿಯ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರು ನಮ್ಮದು. ನನ್ನ ಕ್ಯಾನ್ವಾಸೂ ಹತ್ತಿಯದೇ. ವೆಲಾಸ್ಕೆಸ್‌ನದು ಲಿನನ್. ಲಿನನ್ ಅಂದರೆ ಅಗಸೆಯ ನಾರಿನ ಬಟ್ಟೆ. ಬಣ್ಣ ಕಲಸುವ ಲಿನ್‌ಸೀಡ್ ಆಯಿಲ್ ಅಂದರೆ ಅದೇ ಅಗಸೆಯ ಬೀಜದ ಎಣ್ಣೆ. ದಾರವೂ ಅದರದೇ, ಜಿಡ್ಡೂ ಅದರದೇ. ನಾನು ಮನೆಯಲ್ಲಿ ಮೊದಲ ಸಲ ಎಣ್ಣೆ ಬಾಟಲಿಯ ಮುಚ್ಚಳ ತೆಗೆದಾಗ ಅವ್ವ ಒಳಗಿನಿಂದಲೇ “ಅಗಸಿ ಯಾರು ಹುರೀತಿದಾರೆ?” ಎಂದು ಕೇಳಿದ್ದಳು. ರೊಟ್ಟಿಗೆ ಅಗಸೆ ಚಟ್ನಿಪುಡಿ ಹಚ್ಚಿಕೊಂಡು ಬೆಳೆದ ನನಗೆ ಆ ಕ್ಷಣದಿಂದ ಎಣ್ಣೆಬಣ್ಣ ಪರದೇಶದ್ದು ಎನ್ನಿಸುವುದು ನಿಂತುಹೋಯಿತು.

ಎಲ್ಲ ಎಣ್ಣೆಯೂ ಇದಕ್ಕೆ ಒದಗುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಬಣ್ಣ ಕಲಸಿದರೆ ವರ್ಷ ಕಳೆದರೂ ಜಿಡ್ಡಾಗಿಯೇ ಇರುತ್ತದೆ. ಅಗಸೆ ಎಣ್ಣೆ ‘ಒಣಗುವುದು’ ನೀರು ಆರಿದಂತೆ ಅಲ್ಲ. ಅದು ಗಾಳಿಯಿಂದ ಆಮ್ಲಜನಕ ಹೀರಿಕೊಂಡು ತನ್ನೊಳಗೇ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತದೆ. ಹಾಗೆ ಹೀರುವಾಗ ಬಿಸಿಯೂ ಹುಟ್ಟುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನೇ ತಾನಾಗಿ ಬೆಂಕಿ ಹತ್ತಬಹುದು. ಮೇಷ್ಟ್ರು ಮೊದಲ ದಿನವೇ ಇದನ್ನು ಹೇಳಿ, ಒಂದೊಂದು ಚಿಂದಿಯನ್ನೂ ಬಿಡಿಸಿ ಹಗ್ಗದ ಮೇಲೆ ಹಾಕಿಸಿದರು. ಕಲಿಯಹೊರಟವರಿಗೆ ಬಣ್ಣಕ್ಕಿಂತ ಮುಂಚೆ ಇದು ಗೊತ್ತಿರಲಿ.

ಅವರು ಕೊಟ್ಟ ಬಣ್ಣಗಳು ಐದೇ: ಬಿಳಿ, ಯೆಲ್ಲೋ ಓಕರ್, ವರ್ಮಿಲಿಯನ್ನಿನ ಛಾಯೆಯ ಒಂದು ಕೆಂಪು, ಅಂಬರ್, ಐವರಿ ಬ್ಲ್ಯಾಕ್. ಓಕರ್ ಎಂದರೆ ಹಳದಿ ಮಣ್ಣು. ಅಂಬರ್ ಕೂಡ ಮಣ್ಣೇ, ಕಬ್ಬಿಣದ ಜೊತೆ ಮ್ಯಾಂಗನೀಸ್ ಸೇರಿದ ಮಣ್ಣು. ಮ್ಯಾಂಗನೀಸ್ ಇರುವುದರಿಂದಲೇ ಅದು ಉಳಿದವಕ್ಕಿಂತ ಬೇಗ ಒಣಗುತ್ತದೆ. ವರ್ಮಿಲಿಯನ್ ಎಂದರೆ ನಮ್ಮ ಇಂಗಳೀಕ, ಬಯಲಾಟದವರು ಮುಖಕ್ಕೆ ಹಚ್ಚುತ್ತಿದ್ದದ್ದು. ಐವರಿ ಬ್ಲ್ಯಾಕ್ ಈಗ ಆನೆದಂತದಿಂದಲ್ಲ, ಸುಟ್ಟ ಮೂಳೆಯಿಂದ ಬರುತ್ತದೆ. ವೆಲಾಸ್ಕೆಸ್ ಬಳಸುತ್ತಿದ್ದ ಬಿಳಿ ಸೀಸದ್ದು, ವಿಷ, ನಮ್ಮದು ಟೈಟಾನಿಯಂ. ಮಣ್ಣು, ಮೂಳೆ, ಎಣ್ಣೆ. ನಮ್ಮ ಹಳ್ಳಿಮನೆಗಳ ಗೋಡೆಗೆ ಕೆಮ್ಮಣ್ಣಿನ ಕಾರಣೆ ಬಳಿದ ಕೈಗಳು ಇದರಲ್ಲಿ ಅರ್ಧವನ್ನು ಆಗಲೇ ಬಲ್ಲವು.

“ನೀಲಿ?” ಎಂದು ಕೇಳಿದೆ.

“ಬೇಕಾದಾಗ ಸಿಗತೈತೆ, ಹುಡುಕು,” ಎಂದರು.

ಭಾನುವಾರಕ್ಕೊಂದು ಬೆಳಗ್ಗೆಯಂತೆ ನಾಲ್ಕು ತಿಂಗಳು ಹಿಡಿಯಿತು. ಬಿಳಿ ಕ್ಯಾನ್ವಾಸಿನ ಮೇಲೆ ಮೊದಲು ಅಂಬರನ್ನು ಟರ್ಪೆಂಟೈನಿನಲ್ಲಿ ತೆಳುವಾಗಿಸಿ ಮೈಗೆಲ್ಲ ಬಳಿದೆವು. ಬಿಳಿಯ ಪಕ್ಕದಲ್ಲಿ ಯಾವ ಕಂದೂ ಕಪ್ಪಾಗಿ ಕಾಣುತ್ತದೆ, ಕಣ್ಣು ಮೋಸಹೋಗುತ್ತದೆ. ನನ್ನ ಮೊದಲ ಚಿತ್ರದಲ್ಲಿ ಅವ್ವನನ್ನು ಬೆಳ್ಳಗೆ ಮಾಡಿದ್ದಕ್ಕೆ ಅರ್ಧ ಕಾರಣ ಅದೇ ಎಂದು ಆಗ ತಿಳಿಯಿತು. ಆಮೇಲೆ ಚೌಕ ಹಾಕಿ ರೇಖೆ, ಅದರ ಮೇಲೆ ಅಂಬರಿನಲ್ಲೇ ಕತ್ತಲು ಬೆಳಕು. ಬೆಳಕಿನ ಜಾಗಕ್ಕೆ ಬಣ್ಣ ಹಚ್ಚುವುದಿಲ್ಲ, ಬಟ್ಟೆಯಲ್ಲಿ ಒರೆಸಿ ತೆಗೆಯುವುದು. ಕಣ್ಣು ಕಿರಿದು ಮಾಡಿ ನೋಡಿದರೆ ಮುಖದಲ್ಲಿ ಮೂಗು ಬಾಯಿ ಮಾಯವಾಗಿ ಮೂರು ನಾಲ್ಕು ದೊಡ್ಡ ತೇಪೆ ಉಳಿಯುತ್ತವೆ. ಆ ತೇಪೆಗಳು ಸರಿ ಕೂತರೆ ಗುರುತು ತಾನಾಗಿ ಬರುತ್ತದೆ. ಎಡಗಣ್ಣನ್ನು ನಾನು ಹನ್ನೊಂದು ಸಲ ಚಾಕುವಿನಿಂದ ಕೆರೆದು ತೆಗೆದೆ. ತಪ್ಪು ಕಣ್ಣಿನಲ್ಲಿರಲಿಲ್ಲ, ಕೆನ್ನೆಯ ನೆರಳು ಒಂದು ಬೆರಳು ಅತ್ತ ಸರಿದಿತ್ತು. ಚಿತ್ರಕ್ಕೆ ಬೆನ್ನುಮಾಡಿ ನಿಂತು, ಕನ್ನಡಿ ಹಿಡಿದು ಅದರಲ್ಲಿ ಚಿತ್ರ ನೋಡಿದಾಗಲೇ ಅದು ಸಿಕ್ಕಿದ್ದು.

ಬಣ್ಣಕ್ಕೆ ಬಂದಾಗ ನೀಲಿ ಸಿಕ್ಕಿತು. ಐವರಿ ಬ್ಲ್ಯಾಕಿಗೆ ಬಿಳಿ ಬೆರೆಸಿದರೆ ಬೂದಿ. ಅದೇ ಬೂದಿಯನ್ನು ಕೆಂಪುಗಂದಿನ ಪಕ್ಕದಲ್ಲಿಟ್ಟರೆ ಅದು ನೀಲಿ. ಗಡ್ಡದ ಅಂಚು ಕೆನ್ನೆಗೆ ಸೇರುವಲ್ಲಿ ಇಟ್ಟ ಆ ಬೂದಿ, ಮಳೆಗಾಲದ ಮೋಡದಂತೆ ತಣ್ಣಗೆ ಕಂಡಿತು. ಕಪ್ಪಿಗೆ ಓಕರ್ ಬೆರೆಸಿದರೆ ಹಸಿರು. ಪರೇಹಾನ ಕಣ್ಣಿನ ಕೆಳಗೆ, ಮೂಗಿನ ಪಕ್ಕಕ್ಕೆ ಆ ಹಸಿರಿದೆ. ಕಂದು ಮುಖವನ್ನು ಬರೆಯಲು ಕಂದು ಬಣ್ಣವನ್ನು ನಾನು ಬಳಸಿದ್ದು ತೀರಾ ಕಡಿಮೆ. ಹಸಿರು, ಕೆಂಪು, ಬೂದಿ ಇವುಗಳ ನಡುವೆ ಕಂದು ತಾನೇ ಹುಟ್ಟುತ್ತದೆ. ಬಣ್ಣ ಕಲಸುವ ಪ್ಯಾಲೆಟ್ಟಿನ ಮೇಲೆ ಯಾವ ಗುಡ್ಡೆಯನ್ನು ನೋಡಿದರೂ ‘ಇದು ಮೈಬಣ್ಣ’ ಎನ್ನುವಂತಿರಲಿಲ್ಲ.

ಮುಖದಲ್ಲಿ ಹಣೆ ಬಂದದ್ದು ಎಲ್ಲಕ್ಕಿಂತ ಕೊನೆಗೆ. ಪರೇಹಾನ ಹಣೆಯ ಮೇಲೊಂದು ಬೆಳಕಿದೆ. ಅದಕ್ಕೆ ಓಕರ್ ಮತ್ತು ಬಿಳಿ ಕಲಸಿ ಇಟ್ಟೆ, ಸುಣ್ಣ ಸಿಡಿದ ಹಾಗೆ ಕಂಡಿತು. ಮೇಷ್ಟ್ರು ಕಿಟಕಿ ತೋರಿಸಿದರು. ಚರ್ಮದ ಮೇಲೆ ಬಿದ್ದ ಬೆಳಕು ಎರಡು ಬಗೆಯಲ್ಲಿ ಹಿಂದಿರುಗುತ್ತದೆ. ಒಂದಿಷ್ಟು ಮೇಲಿನಿಂದಲೇ ಕನ್ನಡಿಯಲ್ಲಿ ಪುಟಿದಂತೆ ಪುಟಿಯುತ್ತದೆ. ಉಳಿದದ್ದು ಒಳಗೆ ಹೊಕ್ಕು, ಅಲ್ಲಿ ಚದುರಿ, ಚರ್ಮದ ಬಣ್ಣ ಹೊತ್ತು ಹೊರಬರುತ್ತದೆ. ಮೇಲಿನಿಂದ ಪುಟಿಯುವ ಪಾಲು ಬಿಳಿಯರಿಗೂ ಕರಿಯರಿಗೂ ಹೆಚ್ಚುಕಡಿಮೆ ಒಂದೇ. ಕಪ್ಪು ಚರ್ಮದಲ್ಲಿ ಒಳಹೊಕ್ಕ ಬೆಳಕನ್ನು ಮೆಲನಿನ್ ಎಂಬ, ಚರ್ಮಕ್ಕೆ ಬಣ್ಣ ಕೊಡುವ ವಸ್ತು ಹೆಚ್ಚು ಹೀರಿಕೊಳ್ಳುವುದರಿಂದ ಈ ಪುಟಿದ ಬೆಳಕು ಎದ್ದು ಕಾಣುತ್ತದೆ. ಅದಕ್ಕೆ ಚರ್ಮದ ಬಣ್ಣವಿರುವುದಿಲ್ಲ, ಕಿಟಕಿಯ ಬಣ್ಣವಿರುತ್ತದೆ. ಉತ್ತರದ ಆಕಾಶದ ತಣ್ಣನೆ ಬೂದಿನೀಲಿ. ನಾನು ಕಪ್ಪು, ಬಿಳಿ, ಚಿಟಿಕೆ ಓಕರ್ ಕಲಸಿ ಒಂದೇ ಎಳೆ ಎಳೆದೆ. ಹಣೆ ದುಂಡಗಾಯಿತು. ಒಳಗೆ ಎಲುಬಿದೆ ಎನ್ನಿಸಿತು. ಅಷ್ಟು ವರ್ಷ ಕಪ್ಪು ಮುಖ ಎಂದರೆ ಬೆಳಕು ಕಡಿಮೆ ಇರುವ ಮುಖ ಎಂದು ಎಲ್ಲೋ ಒಳಗೆ ನಂಬಿಕೊಂಡಿದ್ದೆ ಎಂಬುದು ಆಗ ಗೊತ್ತಾಗಿ, ಕುಂಚ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಪ್ರತಿ ಮಾಡುವುದರಿಂದ ಸಿಗದಿರುವುದೂ ಇದೆ. ಪ್ರಿಂಟಿನಲ್ಲಿ ಬಣ್ಣದ ದಪ್ಪ ತೆಳು ಕಾಣುವುದಿಲ್ಲ. ಅದಕ್ಕೆಂದೇ ಬೇಸಿಗೆ ರಜೆಯಲ್ಲಿ ಮೈಸೂರಿಗೆ ಹೋಗಿ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರಗಳ ಮುಂದೆ ಒಂದು ದಿನ ಕಳೆದೆ. ತಿರುವಾಂಕೂರಿನ ಆಸ್ಥಾನಕ್ಕೆ ಬಂದ ಜೆನ್ಸನ್ ಎಂಬ ಯುರೋಪಿನ ಚಿತ್ರಕಾರ ಬರೆಯುವುದನ್ನು ನೋಡಿ ನೋಡಿಯೇ ಎಣ್ಣೆಬಣ್ಣ ದಕ್ಕಿಸಿಕೊಂಡವನು ರವಿವರ್ಮ. ಅಲ್ಲಿಂದ ಬಂದ ಮೇಲೆ ನನ್ನ ನೆರಳುಗಳು ತೆಳುವಾದವು.

ಚಿತ್ರ ಮುಕ್ಕಾಲು ಮುಗಿದಾಗ ಒಣಗಲಿ ಎಂದು ಮನೆಗೆ ತಂದು ಪಡಸಾಲೆಯಲ್ಲಿ ಇಟ್ಟೆ. ಅವ್ವ ಅದರ ಮುಂದೆ ಕುರ್ಚಿ ಎಳೆದುಕೊಂಡು ಕೂತಳು.

“ಯಾರು ಈತ? ನಮ್ಮ ಸಣ್ಣಮಾವ ಇದ್ದಂಗದಾನೆ.”

ಹೇಳಿದೆ. ಸ್ಪೇನ್ ದೇಶ, ದೊಡ್ಡ ಚಿತ್ರಕಾರ, ಅವನ ಆಳು. ಆಳು ಎಂದರೆ ಕೂಲಿಯವನಲ್ಲ, ಕೊಂಡುಕೊಂಡವನು.

“ಜೀತದೋನು ಅನ್ನು,” ಎಂದಳು ಅವ್ವ.

ಅವ್ವನ ಅಪ್ಪ ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ ಜೀತಕ್ಕಿದ್ದವರು. ಇದು ನಮ್ಮ ಮನೆಯಲ್ಲಿ ಗೊತ್ತಿದ್ದರೂ ಬಾಯಿಗೆ ಬಾರದ ಮಾತು. ಅವರ ಅಪ್ಪ ಮಾಡಿದ ಸಾಲಕ್ಕೆ ಇವರು ಎಳೆಯ ವಯಸ್ಸಿನಲ್ಲೇ ದನದ ಕೊಟ್ಟಿಗೆಗೆ ಹೋದರು. ವರ್ಷಕ್ಕೆ ಇಷ್ಟು ಜೋಳ, ಒಂದು ಕಂಬಳಿ, ಒಂದು ಜೊತೆ ಮೆಟ್ಟು. ಜೀತ ರದ್ದತಿಯ ಕಾನೂನು ಬಂದದ್ದು 1976ರಲ್ಲಿ. ಅಷ್ಟೊತ್ತಿಗೆ ಅವರು ಇರಲಿಲ್ಲ. ಅವರ ಒಂದೇ ಒಂದು ಫೋಟೊ ಇಲ್ಲ.

ಅವ್ವ ಎದ್ದು ಹತ್ತಿರ ಹೋಗಿ ಕಾಲರನ್ನು ನೋಡಿದಳು. ಅದನ್ನು ನಾನಿನ್ನೂ ಅರ್ಧ ಬರೆದಿದ್ದೆ. “ಜೀತದೋನ ಕೊರಳಿಗೆ ಇಂಥಾ ಬಟ್ಟೆ ಹಾಕಿ ಬರೆದಾನಲ್ಲ. ಬರೆಯೋತನಕ ಹಾಕಿ ಆಮೇಲೆ ಬಿಚ್ಚಿಸಿಕೊಂಡನೋ, ಇವನಿಗೇ ಬಿಟ್ಟನೋ?”

ಬಿಡುಗಡೆಯ ಪತ್ರದ ವಿಷಯ ಹೇಳಿದೆ. ಷರತ್ತನ್ನೂ ಹೇಳಿದೆ: ಓಡಿಹೋಗದೆ, ಅಪರಾಧ ಮಾಡದೆ ಇನ್ನೂ ನಾಲ್ಕು ವರ್ಷ ದುಡಿದರೆ ಆಮೇಲೆ ಸ್ವತಂತ್ರ.

“ಬಿಡೋನು ಬಿಡಬೇಕಪ್ಪ. ಮತ್ತೆ ನಾಲ್ಕು ವರ್ಷ ಯಾಕೆ?”

ನನ್ನಲ್ಲಿ ಉತ್ತರವಿರಲಿಲ್ಲ. ಅಲ್ಲಿಯವರೆಗೆ ನಾನು ಆ ಮುಖದಲ್ಲಿ ಅಳತೆ, ಅಂಚು, ಬಿಸಿ ತಂಪು ಹುಡುಕುತ್ತಿದ್ದೆ. ತಿಂಗಳುಗಟ್ಟಲೆ ಅವನ ಕಣ್ಣಿನೆದುರು ಕೂತಿದ್ದರೂ ಅವ್ವ ಒಂದೇ ಮಧ್ಯಾಹ್ನದಲ್ಲಿ ಕೇಳಿದ್ದನ್ನು ನಾನು ಕೇಳಿರಲಿಲ್ಲ. ಮುಂದಿನ ಭಾನುವಾರ ಕಾಲರು ಮುಗಿಸುವಾಗ ಅದರ ಬಿಳಿಯನ್ನು ಒಂದು ಹಂತ ಇಳಿಸಿದೆ. ಮೂಲದಲ್ಲಿಯೂ ಅದು ನಾನು ಅಂದುಕೊಂಡಷ್ಟು ಬಿಳಿಯಲ್ಲ, ಬೂದಿಯೇ. ಪಕ್ಕದಲ್ಲಿ ಕಂದು ಕೊರಳಿರುವುದರಿಂದ ಹಾಗೆ ಹೊಳೆಯುತ್ತದೆ.

ಪರೇಹಾ ಸ್ವತಂತ್ರನಾದ ಮೇಲೆ ಚಿತ್ರಕಾರನಾದ. 1661ರಲ್ಲಿ ಬರೆದ, ಸಂತ ಮ್ಯಾಥ್ಯೂವನ್ನು ಏಸು ಕರೆಯುವ ಅವನ ದೊಡ್ಡ ಚಿತ್ರ ಮ್ಯಾಡ್ರಿಡ್‌ನ ಪ್ರಾದೋ ಮ್ಯೂಸಿಯಂನಲ್ಲಿದೆ. ಅದರ ಒಂದು ಅಂಚಿನಲ್ಲಿ ತನ್ನನ್ನೂ ನಿಲ್ಲಿಸಿಕೊಂಡಿದ್ದಾನೆ, ಕೈಯಲ್ಲಿ ತನ್ನ ಹೆಸರು ಬರೆದ ಚೀಟಿ. ನಾನು ಟ್ಯಾಬಿನಲ್ಲಿ ಆ ಮುಖವನ್ನು ದೊಡ್ಡದು ಮಾಡಿ, ನನ್ನ ಪ್ರತಿಯ ಪಕ್ಕಕ್ಕೆ ಹಿಡಿದೆ. ತನ್ನ ಮೈಬಣ್ಣವನ್ನು ಆತ ತಿಳಿಯಾಗಿಸಿ ಬರೆದುಕೊಂಡಿದ್ದಾನೆ. ಒಡೆಯನ ಕುಂಚದಲ್ಲಿದ್ದ ಕಂದು ಅವನ ಸ್ವಂತ ಕುಂಚದಲ್ಲಿ ಇಲ್ಲ. ಅದನ್ನು ನೋಡಿ ನನಗೆ ಸಿಟ್ಟು ಬರಲಿಲ್ಲ. ಅವ್ವನ ಸ್ಟುಡಿಯೊ ಫೋಟೊ ನೆನಪಾಯಿತು. ಅದನ್ನು ತೆಗೆಸುವ ಮುಂಚೆ ಹತ್ತಿರದವರು ಅವ್ವನ ಮುಖ, ಕತ್ತು, ಕೈಗೆಲ್ಲ ಪೌಡರು ಬಳಿದಿದ್ದರಂತೆ. ಸಾಲದ್ದಕ್ಕೆ ಸ್ಟುಡಿಯೊದವರೂ ತಿಳಿ ಮಾಡಿ ಕೊಟ್ಟಿದ್ದರು. ನಾನು ಮೊದಲು ಪ್ರತಿ ಮಾಡಿದ್ದು ಅದನ್ನು. ನಾಟಕದ ಬಣ್ಣ ಎಂದು ಅವ್ವ ಹೇಳಿದ್ದು ನನ್ನ ಟ್ಯೂಬಿಗೆ ಮಾತ್ರ ಅಲ್ಲ.

ಫೋಟೊವನ್ನು ಬೀರುವಿಗೆ ಸೇರಿಸಿದೆ. ಈಗ ಅವ್ವನನ್ನೇ ಕೂರಿಸಿಕೊಂಡು ಬರೆಯುತ್ತಿದ್ದೇನೆ.

ಬೆಳಗ್ಗೆ ಎಂಟರಿಂದ ಒಂಬತ್ತು, ಹಿತ್ತಿಲ ಕಡೆಯ ಕಿಟಕಿಯ ಹತ್ತಿರ. ಎಪ್ಪತ್ತನಾಲ್ಕು ವರ್ಷದ ಆಕೆಗೆ ಒಂದು ಗಂಟೆಗಿಂತ ಹೆಚ್ಚು ಕೂರಲು ಆಗುವುದಿಲ್ಲ. ಮೊದಲ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಪೌಡರ್ ಡಬ್ಬಿ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದಳು. ಬೇಡವ್ವ ಎಂದೆ. ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಅಂಬರಿನ ಕತ್ತಲು ಬೆಳಕು ಮುಗಿದಿದೆ. ಬಣ್ಣದ ಮೊದಲ ಪದರ ಕೆನ್ನೆಯವರೆಗೆ ಬಂದಿದೆ. ಕಣ್ಣಿನ ಕೆಳಗಿನ ಹಸಿರು ಪರೇಹಾನದಕ್ಕಿಂತ ಗಾಢ, ತುಟಿಯ ಅಂಚಿನಲ್ಲಿ ಎಲೆಅಡಿಕೆಯ ಕೆಂಪು. ಈ ಯಾವುದಕ್ಕೂ ಮುಂದೆ ಪ್ರಿಂಟಿಲ್ಲ, ಟ್ಯಾಬಿಲ್ಲ. ಮೋಡ ಬಂದರೆ ಎಲ್ಲ ಬದಲಾಗುತ್ತದೆ, ಬಿಸಿಲು ಏರಿದರೆ ಮತ್ತೆ ಬದಲಾಗುತ್ತದೆ, ಅವ್ವ ಯಾರನ್ನೋ ನೆನೆದರೆ ಬಾಯಿಯ ಕೊನೆ ಇಳಿಯುತ್ತದೆ.

ನಿನ್ನೆ ಹಣೆಗೆ ಬಂದೆ. ಬೆವರಿತ್ತು, ಕಿಟಕಿಯ ಬೆಳಕು ಅದರ ಮೇಲೆ ಸರಿಯಾಗಿ ಕೂತಿತ್ತು. ಕುಂಚ ಎತ್ತುವಷ್ಟರಲ್ಲಿ ಅವ್ವ ಸೆರಗಿನಿಂದ ಒರೆಸಿಕೊಂಡುಬಿಟ್ಟಳು.

“ಒರೆಸ್ಕೋಬಾರದಿತ್ತೇನು?”

“ಇರಲಿ ಬಿಡವ್ವ, ಮತ್ತೆ ಬರತೈತೆ.”

ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಖ ಅಲುಗಾಡಿಸದೆ ಅವ್ವ ಹೇಳಿದಳು: “ನನ್ನ ಹಣೆ ಥೇಟ್ ನಮ್ಮಪ್ಪಂದೇ ಅಂತಿದ್ರು ಊರಾಗೆ. ಇಷ್ಟಗಲ.”

ನಾನು ಕಪ್ಪಿಗೆ ಬಿಳಿ ಬೆರೆಸಿ, ಚಿಟಿಕೆ ಓಕರ್ ಹಾಕಿ, ಕಲಸುತ್ತಾ ಕಾದೆ.